ಗುಡ್ಡ ಬಾಕಿ

ಮಿಸ್ ಕೂತದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ತರಗತಿಯಲ್ಲಿ ಅವರಿಗೆಂದು ಒಂದು ಕುರ್ಚಿ ಇತ್ತು. ಅದರ ಮೇಲೆ ನಮ್ಮ ನೋಟ್‌ಬುಕ್ಕುಗಳು ಕೂರುತ್ತಿದ್ದವು. ಮಿಸ್ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಬೋರ್ಡಿಗೆ ಓಡಾಡುತ್ತಲೇ ಪಾಠ ಮಾಡುತ್ತಿದ್ದರು. ಅವರ ಮನೆ ಭದ್ರಾವತಿಯಲ್ಲಿ. ಬೆಳಗಿನ ರೈಲಿನಲ್ಲಿ ಶಿವಮೊಗ್ಗಕ್ಕೆ ಬರುವಾಗಲೂ, ಸೀಟು ಖಾಲಿಯಿದ್ದರೂ, ಬಾಗಿಲ ಹತ್ತಿರ ನಿಂತೇ ಬರುತ್ತಿದ್ದರಂತೆ. ಯಾಕೆ ಮಿಸ್ ಕೂರಲ್ಲ ಎಂದು ನಾವೊಮ್ಮೆ ಕೇಳಿದ್ದಕ್ಕೆ, "ನಾನು ಕೂತ್ರೆ ತಲೇಲಿರೋ ಪ್ರಶ್ನೆ ಮಲಗಿಬಿಡುತ್ತೆ ಕಣ್ರೇ" ಅಂದಿದ್ದರು.

ಹೋದ ತಿಂಗಳು ಅವರನ್ನು ಮಲಗಿಸಿದ್ದನ್ನು ನೋಡಿದೆ. ನ್ಯೂ ಟೌನಿನ ಸಣ್ಣ ಮನೆ, ಮುಂದಿನ ಕೋಣೆ. ಬಿಳಿ ಸೀರೆ ಉಡಿಸಿ, ಬೆರಳುಗಳಿಗೆ ಜಪಮಾಲೆ ಸುತ್ತಿದ್ದರು. ಎಡಗೈ ಬಳೆಯೊಳಗೆ ಯಾವಾಗಲೂ ಸಿಕ್ಕಿಸಿಕೊಳ್ಳುತ್ತಿದ್ದ ಕರವಸ್ತ್ರ ಮಾತ್ರ ಇರಲಿಲ್ಲ. ಯಾರಾದರೂ ಅದನ್ನು ಸಿಕ್ಕಿಸಬಾರದೇ ಎಂದು ಅಷ್ಟು ಹೊತ್ತೂ ಅದನ್ನೇ ಯೋಚಿಸುತ್ತಿದ್ದೆ. ಮನೆಗೆ ಬಂದು ಮಡಚಿಟ್ಟಿದ್ದ ಬಟ್ಟೆಗಳನ್ನೇ ಬಿಡಿಸಿ ಮತ್ತೆ ಮಡಚಿದೆ. ಒಲೆಯ ಮುಂದೆ ನಿಂತಿದ್ದಂತೆಯೇ ಹಾಲು ಉಕ್ಕಿತು. ಏನಾಗಿದೆ ನಿನಗೆ ಎಂದು ನಮ್ಮವರು ಕೇಳಿದರು. ಏನೂ ಇಲ್ಲ ಅಂದೆ. ಇತ್ತು. ಹದಿಮೂರು ವರ್ಷದಿಂದ ಇತ್ತು.

ಐವತ್ತರ ದಶಕದ ನಡುವಿನ ಮಾತು. ಶಿವಮೊಗ್ಗದ ಕಾನ್ವೆಂಟಿನಲ್ಲಿ ಕ್ರೈಸ್ತ ಹುಡುಗಿಯರಿಗೆ ಸ್ಕ್ರಿಪ್ಚರ್, ಅಂದರೆ ಮಿಸ್ ಹೇಳುತ್ತಿದ್ದ ಬೈಬಲ್ ಪಾಠ, ಉಳಿದವರಿಗೆ ನೀತಿಪಾಠ ಎಂಬ ಏರ್ಪಾಡಿತ್ತು. ನೀತಿಪಾಠದ ಟೀಚರು ಹೆರಿಗೆಗೆಂದು ಹೋದವರು ಮರಳಿ ಬರಲಿಲ್ಲ. ಹಾಗಾಗಿ ಆ ವರ್ಷ ನಾವೆಲ್ಲರೂ ಒಂದೇ ಕೋಣೆಯಲ್ಲಿ ಕೂತು ಇಸ್ರಾಯೇಲರ ರಾಜರ ಕಥೆ ಕೇಳಿದೆವು. ರಾಜರ ಹೆಸರುಗಳು ನಮ್ಮ ನಾಲಿಗೆಗೆ ಹತ್ತುತ್ತಿರಲಿಲ್ಲ. ಮಿಸ್ ಆ ರಾಜರಿಗೆಲ್ಲ ಅಡ್ಡಹೆಸರು ಕೊಟ್ಟುಬಿಟ್ಟರು: ಕಾಲುನೋವಿನ ರಾಜ, ಹಿತ್ತಾಳೆ ಹಾವಿನ ರಾಜ, ದೇವಾಲಯ ರಿಪೇರಿ ರಾಜ, ಎಂಟು ವರ್ಷಕ್ಕೇ ಪಟ್ಟಕ್ಕೆ ಬಂದ ರಾಜ.

ಬೀರುವಿನ ಬಾಗಿಲ ಒಳಬದಿಗೆ ದೊಡ್ಡದೊಂದು ಕಂದು ಹಾಳೆ ಅಂಟಿಸಿದ್ದರು. ಅದು ರಾಜರ ಪ್ರೋಗ್ರೆಸ್ ಕಾರ್ಡು. ನಮಗಿದ್ದಂತೆಯೇ ಅವರಿಗೂ ಕಾಲಮ್ಮುಗಳು: ನಡತೆ, ನ್ಯಾಯ, ವಿಗ್ರಹ, ಕೊನೆಯಲ್ಲಿ ಗುಡ್ಡ. ಆ ನಾಡಿನಲ್ಲಿ ಇಸ್ರಾಯೇಲರಿಗಿಂತ ಮೊದಲಿದ್ದ ಜನ ಪ್ರತಿ ಗುಡ್ಡದ ಮೇಲೂ, ಪ್ರತಿ ಹಸಿರು ಮರದಡಿಯಲ್ಲೂ ಒಂದು ಕಲ್ಲು ನಿಲ್ಲಿಸಿ, ಪಕ್ಕದಲ್ಲಿ ದೇವಿಯ ಹೆಸರಿನ ಮರದ ಕಂಬ ನೆಟ್ಟು, ಧೂಪ ಹಾಕುತ್ತಿದ್ದರಂತೆ. ಇಸ್ರಾಯೇಲರೂ ಬಂದು ಅದನ್ನೇ ಹಿಡಿದರಂತೆ. ಒಬ್ಬನೇ ದೇವರು, ಒಂದೇ ದೇವಾಲಯ ಎಂದು ಪ್ರವಾದಿಗಳು ಬೈದದ್ದೇ ಬೈದದ್ದು. ಕೆಟ್ಟ ರಾಜರು ಕೇಳಲಿಲ್ಲ. ಒಳ್ಳೆಯ ರಾಜರು ಪಟ್ಟಣದೊಳಗಿನ ವಿಗ್ರಹಗಳನ್ನೆಲ್ಲ ಒಡೆಸಿದರು. ಅವರ ಕಥೆಯ ಕೊನೆಯಲ್ಲೂ ಗುಡ್ಡಗಳನ್ನು ಮಾತ್ರ ಮುಟ್ಟಲಿಲ್ಲ ಎಂದು ಬಂದೇ ಬರುತ್ತಿತ್ತು. ಅಂಥ ರಾಜನ ಸಾಲಿನಲ್ಲಿ ಮಿಸ್ ಕೆಂಪು ಸೀಮೆಸುಣ್ಣದಿಂದ ಬರೆಯುತ್ತಿದ್ದರು: ಗುಡ್ಡ ಬಾಕಿ.

ಅದು ನಮ್ಮ ಮಾತಾಗಿಬಿಟ್ಟಿತು. ಹೋಮ್‌ವರ್ಕ್ ಮುಗಿಸಿರದವಳು ಗುಡ್ಡ ಬಾಕಿ ಎನ್ನುತ್ತಿದ್ದಳು. ಊಟದ ಡಬ್ಬಿಯಲ್ಲಿ ಪಲ್ಯ ಉಳಿಸಿದರೂ ಗುಡ್ಡ ಬಾಕಿ.

ಆ ಕಾಲುನೋವಿನ ರಾಜನ ವಿಷಯ ಮಿಸ್ಸಿಗೆ ಎಷ್ಟು ಸಲ ಹೇಳಿದರೂ ತೀರುತ್ತಿರಲಿಲ್ಲ. "ಸ್ವಂತ ಅಜ್ಜಿ ನಿಲ್ಲಿಸಿದ್ದ ಕಂಬ ಕಣ್ರೇ. ಅದನ್ನ ಕಡಿಸಿ ಹಳ್ಳದ ದಂಡೇಲಿ ಸುಟ್ಟ. ಅಜ್ಜಿಗೇ ಹೆದರದೋನು ಗುಡ್ಡಕ್ಕೆ ಯಾಕೆ ಹೋಗಲಿಲ್ಲ?"

"ಕಾಲು ನೋವಲ್ವಾ ಮಿಸ್, ಹತ್ತೋಕಾಗಿರಲ್ಲ" ಎಂದಳು ನನ್ನ ಪಕ್ಕ ಕೂರುತ್ತಿದ್ದ ಜುಬೇದಾ.

ಮಿಸ್ ಕರವಸ್ತ್ರ ತೆಗೆದು ಬಾಯಿಗೆ ಹಿಡಿದು ನಕ್ಕರು. "ಕಾಲು ನೋವು ಬಂದಿದ್ದು ಮುದುಕ ಆದ್ಮೇಲೆ ಮಾರಾಯ್ತಿ. ಅದಕ್ಕೆ ಮುಂಚೆ?"

ನಾನು ಸಾಮಾನ್ಯವಾಗಿ ಬಾಯಿ ಬಿಡದವಳು. ಅವತ್ತು ಹೇಗೋ ಹೇಳಿಬಿಟ್ಟೆ, ಗುಡ್ಡಕ್ಕೆ ಹೋಗೋರೆಲ್ಲ ಅವನಿಗೆ ಗೊತ್ತಿದ್ದೋರೇ ಇರಬೇಕು ಮಿಸ್, ಎಂದು. ಓಡಾಡುತ್ತಿದ್ದ ಮಿಸ್ ಕಿಟಕಿಯ ಹತ್ತಿರ ನಿಂತರು. ಗಂಟೆ ಹೊಡೆಯುವವರೆಗೂ ಅಲ್ಲೇ ನಿಂತಿದ್ದರು.

ಮಾರ್ಚಿನಲ್ಲಿ ಶಾಲೆಯ ಬಹುಮಾನದ ದಿನಕ್ಕೆ ನಾಟಕವಾಡಿಸುವ ಕೆಲಸ ಅವರಿಗೆ ಬಂತು. ಎಂಟು ವರ್ಷಕ್ಕೆ ಪಟ್ಟಕ್ಕೆ ಬಂದ ರಾಜ ಬೆಳೆದು ದೊಡ್ಡವನಾಗಿ ಗುಡ್ಡಗಳನ್ನೂ ಬಿಡದೆ ದೇವಿಯ ತೋಪುಗಳನ್ನು ಕಡಿಸಿದ ಕಥೆ. ಕಾರ್ಡಿನಲ್ಲಿ ಗುಡ್ಡದ ಕಾಲಮ್ಮಿನಲ್ಲೂ ಪಾಸಾದವರು ಇಬ್ಬರೇ. ಅವನು ಆ ಇಬ್ಬರಲ್ಲೊಬ್ಬ. ಗಂಟಲು ದೊಡ್ಡದೆಂದು ಜುಬೇದಾಳೇ ರಾಜ. ನಾನು ಮೂರನೆಯ ನೇಯುವ ಹೆಂಗಸು. ಆ ದೇವಿಗೆ ತೂಗುಬಟ್ಟೆ ನೇಯುವ ಹೆಂಗಸರಿದ್ದರಂತೆ. ಮಾತಿಲ್ಲ, ಕೂತು ನೇಯುವುದಷ್ಟೇ. ಬಣ್ಣದ ಕಾಗದದ ಪಟ್ಟಿಗಳನ್ನು ಒಂದರೊಳಗೊಂದು ತೂರಿಸುವುದನ್ನು ಮಿಸ್ಸೇ ಹೇಳಿಕೊಟ್ಟರು. ಆ ಹೆಂಗಸರು ಕೆಟ್ಟವರಾ ಮಿಸ್ ಎಂದು ಕೇಳಿದೆ. "ಗೊತ್ತಿಲ್ಲ. ನೇಯ್ಗೆ ಚೆನ್ನಾಗಿತ್ತು ಅಂತ ಕಾಣುತ್ತೆ. ಇಲ್ದಿದ್ರೆ ಅವರ ವಿಷಯ ಬರೆದಿಡ್ತಿರಲಿಲ್ಲ" ಅಂದರು.

ಸ್ಟೇಜಿನ ಮೇಲಿನ ತೋಪಿಗೆ ಪ್ರತಿಯೊಬ್ಬಳೂ ತನ್ನ ಮನೆಯ ಅಂಗಳದಿಂದ ಒಂದೊಂದು ಹಸಿರು ಕೊಂಬೆ ತರಬೇಕೆಂದು ಹೇಳಿದ್ದರು. ನಮಗೆ ಅಂಗಳ ಇರಲಿಲ್ಲ. ರಾಗಿಗುಡ್ಡದ ಕಡೆ ಊರು ಮುಗಿಯುವಲ್ಲಿ ನಾಲ್ಕು ಬಾಡಿಗೆ ಮನೆಗಳ ಒಂದು ವಠಾರ. ನಮ್ಮ ಪಾಲಿಗೆ ಬಂದದ್ದು ಒಂದು ತುಳಸಿ ಕುಂಡ. ಮಾವು, ಸೀಬೆ, ದಾಸವಾಳ ಎಂದು ಉಳಿದವರು ಹೇಳಿಕೊಳ್ಳುವಾಗ ನಾನು ಕಾಗದದ ಪಟ್ಟಿ ತೂರಿಸುತ್ತಿದ್ದೆ.

ವಠಾರದ ಹಿಂದೆ ಒಂದು ಸಣ್ಣ ಗುಡ್ಡ. ಅದರ ತಲೆಯ ಮೇಲೆ ಚೌಡಮ್ಮನ ಬನ. ಹತ್ತಿಪ್ಪತ್ತು ಹಳೆಯ ಮರ, ನಡುವೆ ಅರಿಸಿನ ಕುಂಕುಮ ಮೆತ್ತಿದ ಒಂದು ಕಲ್ಲು. ಅಲ್ಲಿಂದ ಒಣಗಿದ ಕಡ್ಡಿಯನ್ನೂ ಯಾರೂ ತರುವುದಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. ಸೌದೆಗೆ ಎಷ್ಟೇ ತಾಪತ್ರಯವಿದ್ದರೂ ನಮ್ಮಮ್ಮ ಆ ಕಡೆ ಕೈ ಚಾಚಿದವಳಲ್ಲ. ಆದರೆ ಹದಿನಾಲ್ಕು ವರ್ಷದ ನನ್ನ ತಲೆಗೆ ಹೊಳೆದದ್ದೇ ಬೇರೆ. ನಾಟಕದಲ್ಲಿ ಬೇಕಾದದ್ದು ಗುಡ್ಡದ ಮೇಲಿನ ದೇವಿಯ ಮರ. ಸೀಬೆ, ದಾಸವಾಳ ತಂದವರೆಲ್ಲ ಸುಳ್ಳು ಮರ ತರುತ್ತಾರೆ. ನಾನೊಬ್ಬಳೇ ನಿಜವಾದದ್ದನ್ನು ತರುತ್ತೇನೆ. ಮಿಸ್ಸಿಗೆ ಎಷ್ಟು ಖುಷಿಯಾಗಬಹುದು.

ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಹೋಗಿ ಸುರಗಿ ಮರದಿಂದ ನಾಲ್ಕು ಕೊಂಬೆ ಮುರಿದೆ. ಹೂವಿನ ಕಾಲ. ಕೊಂಬೆಯುದ್ದಕ್ಕೂ ಹೂ ಅಂಟಿಕೊಂಡಿದ್ದವು. ಮುರಿದಲ್ಲಿ ಒಸರಿದ ಅಂಟು ಅಂಗೈಗೆ ಹತ್ತಿ, ಬೂದಿ ಹಾಕಿ ತಿಕ್ಕಿದರೂ ಹೋಗಲಿಲ್ಲ. ಶಾಲೆಯಲ್ಲಿ ಉಳಿದವರ ಕೊಂಬೆಗಳ ರಾಶಿಯ ಕೆಳಗೆ ನನ್ನವನ್ನು ತೂರಿಸಿಟ್ಟೆ. ಖುಷಿ ಅಷ್ಟರಲ್ಲೇ ಹೋಗಿತ್ತು.

ನಾಟಕದ ದಿನ ಜುಬೇದಾ ರಟ್ಟಿನ ಕೊಡಲಿ ಬೀಸಿ ತೋಪನ್ನು ಉರುಳಿಸಿದಳು. ಉರುಳಿಸಿದ್ದು ಸಾಲದೆ ಕೊಂಬೆಗಳ ಮೇಲೆ ಕುಣಿದಳು. ಅದು ಮಿಸ್ ಹೇಳಿಕೊಟ್ಟದ್ದಲ್ಲ. ಸುರಗಿಯ ಪರಿಮಳ ಸಭಾಂಗಣದ ತುಂಬ ಎದ್ದಿತು. ಮುಂದೆ ಕೂತಿದ್ದ ಅಮ್ಮಂದಿರಲ್ಲಿ ಒಬ್ಬರು, ಇದು ಎಲ್ಲಿಯ ಸುರಗಿ ಎಂದು ಪಕ್ಕದವರನ್ನು ಕೇಳಿದ್ದು ಸ್ಟೇಜಿನ ಮೇಲಿದ್ದ ನನಗೆ ಕೇಳಿಸಿತು. ನಮ್ಮ ಕಡೆ ಹೂ ಬಿಡುವ ಸುರಗಿ ಇದ್ದದ್ದು ಆ ಬನದಲ್ಲಿ ಮಾತ್ರ.

ಮಾರನೆಯ ಬೆಳಿಗ್ಗೆ ಶಾಲೆಯ ಗೇಟಿನ ಹತ್ತಿರ ಏಳೆಂಟು ಜನ ಬಂದು ನಿಂತರು. ಮುಂದೆ ಬನವನ್ನು ನೋಡಿಕೊಳ್ಳುವ ಹೆಂಗಸು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲವೇನೋ. ಅವರು ಕೇಳಿದ್ದು ಇಷ್ಟು: ಬನದಿಂದ ತಂದದ್ದು ಬನಕ್ಕೆ ಮರಳಬೇಕು, ಜೊತೆಗೊಂದು ತೆಂಗಿನಕಾಯಿ, ಮುರಿದವರೇ ಹೊತ್ತು ತಂದು, ಅಲ್ಲಿ ನಿಂತು, ಮುರಿದದ್ದು ನಾನು ಎಂದು ಬಾಯಿಬಿಟ್ಟು ಹೇಳಬೇಕು. ತಪ್ಪು ಮಾಡಿದವರು ಅಲ್ಲಿ ಮಾಡುತ್ತ ಬಂದದ್ದು ಅದನ್ನೇ.

ಶಾಲೆಯ ಮುಖ್ಯಸ್ಥೆ, ನಾವು ಮದರ್ ಎನ್ನುತ್ತಿದ್ದವರು, ನಮ್ಮ ತರಗತಿಗೆ ಬಂದು ಯಾರು ಎಂದು ಕೇಳಿದರು. ಮೂರು ಸಲ ಕೇಳಿದರು. ನಾನು ಅಂಗೈಗಳನ್ನು ಲಂಗದ ನೆರಿಗೆಯಲ್ಲಿ ಹುದುಗಿಸಿ ಕೂತಿದ್ದೆ. ಏಳಬೇಕು, ಈಗ ಏಳಬೇಕು ಎಂದುಕೊಂಡೆ. ಏಳಲಿಲ್ಲ.

"ಕೊಂಬೆ ತರೋಕೆ ಹೇಳಿದ್ದು ನಾನು. ನಾನೇ ತಗೊಂಡು ಹೋಗ್ತೀನಿ" ಅಂದರು ಮಿಸ್.

ಮದರ್ ಇಂಗ್ಲಿಷಿನಲ್ಲಿ, ಸಣ್ಣ ದನಿಯಲ್ಲಿ, ಕಲ್ಲಿನ ಮುಂದೆ ಕಾಯಿ ಹಿಡಿದು ನಿಲ್ಲುವವರ ಕೈಗೆ ಮಕ್ಕಳ ಸ್ಕ್ರಿಪ್ಚರ್ ತರಗತಿಯನ್ನು ಮತ್ತೆ ಕೊಡಲಾರೆ ಎಂದರು. ಅವರು ಕ್ರೂರಿಯಲ್ಲ. ಅವರ ನಂಬಿಕೆಯಲ್ಲಿ ಅದು ಸಣ್ಣ ಮಾತಾಗಿರಲಿಲ್ಲ. ಮಿಸ್ ತಲೆಯಾಡಿಸಿ ಹೊರಗೆ ಹೋದರು. ತುಳಿದು ನುಜ್ಜಾಗಿದ್ದ ಕೊಂಬೆಗಳನ್ನೂ ಉದುರಿದ ಹೂಗಳನ್ನೂ ಆಯ್ದು ನಾಟಕದ ಪರದೆಗೆ ಬಳಸಿದ್ದ ದುಪ್ಪಟಿಯಲ್ಲಿ ಕಟ್ಟಿದರು. ಗಂಟನ್ನು ಸೊಂಟದ ಮೇಲಿಟ್ಟುಕೊಂಡು ಗೇಟು ದಾಟಿದ್ದನ್ನು ಕಿಟಕಿಯಿಂದ ನೋಡಿದೆವು. ಅವರ ಹಿಂದೆ ಆ ಏಳೆಂಟು ಜನ. ಮಿಸ್ಸಿನ ನಡಿಗೆಯ ಬಿರುಸಿಗೆ ಅವರೆಲ್ಲ ಓಡಬೇಕಾಗಿತ್ತು.

ಮರುದಿನ ಮಿಸ್ ಬಂದಾಗ ಮದರ್ ಕೇಳಿದರಂತೆ, ಅಲ್ಲಿ ಕೈ ಮುಗಿದಿರಾ, ಏನು ಹೇಳಿದಿರಿ, ಎಂದು. ಅಲ್ಲಿ ಆಡಿದ ಮಾತನ್ನು ಇಲ್ಲಿ ಹೇಳುವ ಹಾಗಿಲ್ಲ ಎಂದರಂತೆ ಮಿಸ್. ಅಷ್ಟರ ಮೇಲೆ ಕೇಳುವವರಿಗೆ ಉಳಿದ ಅರ್ಥ ಒಂದೇ: ಕೈ ಮುಗಿದಿದ್ದಾರೆ. ಬೀರುವಿನ ಬಾಗಿಲಿನಿಂದ ರಾಜರ ಕಾರ್ಡು ಕಿತ್ತುಹೋಯಿತು. ಮಿಸ್ಸಿಗೆ ಹೊಲಿಗೆ ತರಗತಿ ಕೊಟ್ಟರು. ಹೊಲಿಗೆಗೆ ಕೂರಲೇಬೇಕು. ಏಪ್ರಿಲ್ ಕೊನೆಯವರೆಗೆ ಅವರು ಆ ಕುರ್ಚಿಯಲ್ಲಿ ಕೂತು ನಮಗೆ ಕಾಜ ಹೊಲಿಯುವುದನ್ನು ಹೇಳಿಕೊಟ್ಟರು. ಕುರ್ಚಿಯ ಕೆಳಗೆ ಅವರ ಪಾದ ಅಲುಗುತ್ತಲೇ ಇರುತ್ತಿತ್ತು. ನನ್ನ ಕಾಜಗಳು ಆ ವರ್ಷ ಒಂದೂ ಸರಿ ಬರಲಿಲ್ಲ. ಜೂನಿನಲ್ಲಿ ಅವರು ಶಾಲೆಗೆ ಬರಲಿಲ್ಲ.

ಆರು ವರ್ಷ ಕಳೆದು ನಾನು ಮದುವೆಯಾಗಿ ಭದ್ರಾವತಿಗೇ ಬಂದೆ. ನಮ್ಮವರು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸದವರು. ಒಂದು ದಿನ ಓಲ್ಡ್ ಟೌನಿನ ಸೇತುವೆಯ ಮೇಲೆ, ಬುಟ್ಟಿ ಸೈಕಲ್ಲುಗಳ ನಡುವೆ ನುಸುಳುತ್ತಾ ಒಂದು ಬಿರುಸಾದ ನಡಿಗೆ ಕಂಡಿತು. ಬಳೆಯೊಳಗೆ ಕರವಸ್ತ್ರ. ಕೂಗದೆ ಹಿಂದೆಯೇ ಹೋದೆ. ಮನೆಯ ಬಾಗಿಲು ಸೇರಿದ ಮೇಲೆ ಅವರೇ ತಿರುಗಿ, "ಮೂರನೇ ನೇಯೋ ಹೆಂಗಸು ಅಲ್ವಾ? ಬಾ" ಅಂದರು.

ಅವರು ಕಾರ್ಮಿಕರ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ತಮಿಳು, ತೆಲುಗು, ಕನ್ನಡದ ಹತ್ತು ಹನ್ನೆರಡು ಮಕ್ಕಳು ಮಗ್ಗಿ ಹೇಳುತ್ತಾ ಅವರ ಹಿಂದೆ ಅಂಗಳ ಸುತ್ತುತ್ತಿದ್ದವು. ಒಳಗೆ ಗೋಡೆಯ ಮೇಲೆ ಯೇಸುವಿನ ಚಿತ್ರ, ಪಕ್ಕದಲ್ಲಿ ಅವರ ತಂದೆಯದು. ತಂದೆ ಹಿಂದೆ ಇದ್ದಿಲಿನಿಂದಲೇ ಕಾರ್ಖಾನೆಯ ಕುಲುಮೆ ಉರಿಯುತ್ತಿದ್ದ ಕಾಲದಲ್ಲಿ, ಕಡಿಯಬೇಕಾದ ಕಾಡಿನ ಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಹಾಕುವ ಕೆಲಸ ಮಾಡಿದವರು. ದೇವರ ಬನ ಎದುರಾದರೆ ಆಳುಗಳು ಕೊಡಲಿ ಕೆಳಗಿಡುತ್ತಿದ್ದರಂತೆ. ಇವರೂ ಬಣ್ಣದ ಡಬ್ಬಿಯ ಮುಚ್ಚಳ ಹಾಕಿ, ಕಾಗದದಲ್ಲಿ ಆ ಜಾಗದ ಎದುರು 'ಬಾಕಿ' ಎಂದು ಬರೆದು ಮುಂದೆ ಹೋಗುತ್ತಿದ್ದರಂತೆ. ಕೆಲಸ ಬಿಡುವ ತನಕ ಹಾಗೇ.

"ದಿನಾ ಪ್ರಾರ್ಥನೆ ಮಾಡ್ತಿದ್ದ ಮನುಷ್ಯ" ಎಂದರು ಮಿಸ್, ಕೈಯಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುತ್ತಾ ಓಡಾಡುತ್ತಾ. "ಹೆದರಿ ಬಿಟ್ರಾ, ಮರ್ಯಾದೆ ಕೊಟ್ಟು ಬಿಟ್ರಾ, ಕೇಳಬೇಕು ಅಂತಿದ್ದೆ. ಅಷ್ಟರಲ್ಲಿ ಹೋಗ್ಬಿಟ್ರು."

ಆಗ ನಾನು ಹೇಳಿದೆ. ಹೇಗೆ ಹೇಳಬೇಕೆಂದು ಆರು ವರ್ಷ ಕಟ್ಟಿಟ್ಟುಕೊಂಡಿದ್ದ ಮಾತೊಂದೂ ಬರಲಿಲ್ಲ. "ಮಿಸ್, ಆ ಸುರಗಿ ಮುರಿದದ್ದು ನಾನು."

"ಗೊತ್ತು" ಅಂದರು. ಮೊರ ನಿಲ್ಲಲಿಲ್ಲ. "ನಾಟಕದಲ್ಲಿ ಅಂಗೈ ಮುಚ್ಚಿಕೊಂಡೇ ನೇಯ್ತಿದ್ದೆ."

ಕ್ಷಮಿಸಿ ಮಿಸ್ ಎಂದು ಅಳಲು ಶುರುಮಾಡಿದೆ. ಅವರು ಮೊರ ಕೆಳಗಿಟ್ಟು ಬಳೆಯಿಂದ ಕರವಸ್ತ್ರ ತೆಗೆದು ನನ್ನ ಕೈಗೆ ಕೊಟ್ಟರು.

"ನನ್ನ ಹತ್ರ ಯಾಕೆ ಹೇಳ್ತೀಯಾ ಮಾರಾಯ್ತಿ? ಮರ ನಂದಾ?"

ಗುಡ್ಡದ ಮೇಲೆ ಅವತ್ತು ಏನಾಯಿತು ಎಂದು ಕೇಳಿದೆ. ಹೋಗಿ ಕೇಳು, ಹೇಳುತ್ತಾರೆ, ಎಂದಷ್ಟೇ ಅಂದು ಕಾಫಿ ಬೆರೆಸಲು ಹೋದರು.

ಅಲ್ಲಿಂದ ಮುಂದೆ ಸಂತೆಯಲ್ಲಿ ಸಿಗಲಿ, ಆಸ್ಪತ್ರೆಯ ಸಾಲಿನಲ್ಲಿ ಸಿಗಲಿ, ಅವರು ಹುಬ್ಬೆತ್ತಿ ಕೇಳುತ್ತಿದ್ದುದು ಒಂದೇ ಮಾತು. "ಗುಡ್ಡ?"

"ಬಾಕಿ ಮಿಸ್" ಎನ್ನುತ್ತಿದ್ದೆ. ಅವರು ನಕ್ಕು ಮುಂದೆ ಹೋಗುತ್ತಿದ್ದರು. ನನಗೆ ಆ ದಿನವಿಡೀ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೊದಲನೆಯ ಮಗು, ಎರಡನೆಯ ಮಗು, ಅತ್ತೆಯ ಕಾಯಿಲೆ, ಪ್ರತಿ ವರ್ಷಕ್ಕೂ ಒಂದು ನೆಪ ಸಿಕ್ಕಿತು. ಶಿವಮೊಗ್ಗಕ್ಕೆ ಹೋಗದೆ ಇರಲಿಲ್ಲ. ಹೋಗಿ, ಸೀರೆ ಪಾತ್ರೆ ಕೊಂಡು, ಆ ಗುಡ್ಡದ ಕಡೆ ಮುಖ ಮಾಡದೆ ಬರುತ್ತಿದ್ದೆ. ಹಾಗೇ ಏಳು ವರ್ಷ ಹೋಯಿತು. ಕೊನೆಯ ಸಲ ಅವರನ್ನು ನೋಡಿದಾಗ ಅವರಿಗೆ ಜ್ವರ. ಮಂಚದ ಅಂಚಿನಲ್ಲಿ ಕೂತಿದ್ದರು. ದನಿ ಇರಲಿಲ್ಲ. ಹುಬ್ಬು ಮಾತ್ರ ಎತ್ತಿದರು.

ಹೋದ ವಾರ ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಚೀಲದಲ್ಲಿ ಒಂದು ತೆಂಗಿನಕಾಯಿ ಹಾಕಿಕೊಂಡು ಬೆಳಗಿನ ರೈಲು ಹತ್ತಿದೆ. ವಠಾರದ ಸುತ್ತ ಹೊಸ ಮನೆಗಳೆದ್ದಿವೆ. ಗುಡ್ಡ ಹಾಗೇ ಇದೆ. ಹೂವಿನ ಕಾಲ ಮುಗಿದು ಸುರಗಿ ಬರೀ ಎಲೆಯಾಗಿತ್ತು. ಬನ ನೋಡಿಕೊಳ್ಳುವ ಆ ಹೆಂಗಸು ಈಗ ಮುದುಕಿ. ಸೊಂಟ ಬಗ್ಗಿಸಿ ತರಗೆಲೆ ಗುಡಿಸುತ್ತಿದ್ದರು. ನನ್ನ ಗುರುತು ಅವರಿಗೆ ಇರುವ ಹಾಗಿರಲಿಲ್ಲ. ಹಿಂದೊಮ್ಮೆ ಕಾನ್ವೆಂಟಿನ ಟೀಚರೊಬ್ಬರು ಇಲ್ಲಿಗೆ ಕೊಂಬೆ ಹೊತ್ತು ತಂದಿದ್ದರಲ್ಲ, ನೆನಪಿದೆಯಾ ಎಂದು ಕೇಳಿದೆ.

"ಇಲ್ದೆ ಏನು ತಾಯಿ. ಕೂರಮ್ಮ ಅಂದ್ರೂ ಕೂರಲಿಲ್ಲ. ಬನದ ಸುತ್ತ ಓಡಾಡ್ಕೊಂಡೇ ಮಾತಾಡಿದ್ರು."

"ಕೈ ಮುಗಿದ್ರಾ ಅಜ್ಜಿ?"

"ಇಲ್ಲ. ನನ್ನ ದೇವರು ಬೇರೆ, ಕೈ ಮುಗಿದ್ರೆ ನಿಮಗೂ ಸುಳ್ಳು ಹೇಳ್ದಂಗೆ, ಅವನಿಗೂ ಸುಳ್ಳು ಹೇಳ್ದಂಗೆ ಅಂದ್ರು. ಕೊಂಬೆ ಇಳಿಸಿದ್ರು, ಕಾಯಿ ನನ್ನ ಕೈಗೆ ಕೊಟ್ರು. ಮುರಿದದ್ದು ನಾನಲ್ಲ, ಒಂದು ಮಗು, ಹೆಸರು ಹೇಳಲ್ಲ, ಒಂದಿನ ಅವಳೇ ಬರ್ತಾಳೆ ಅಂದ್ರು." ಅಜ್ಜಿ ಪೊರಕೆಯ ಹಿಡಿಯನ್ನು ಅಂಗೈಗೆ ಕುಟ್ಟಿಕೊಂಡರು. "ನಮ್ಮೋರಿಗೆ ಸಿಟ್ಟೇ ಬಂತು. ಆವಾಗ ಆಯಮ್ಮ ನನ್ನ ಹತ್ರ ಬಂದು, 'ಅಲ್ಲೀವರೆಗೆ ಆ ಮಗೂಗೆ ಏನೂ ಕೇಡಾಗದ ಹಾಗೆ ನೋಡ್ಕೋ ಅಂತ ನಿಮ್ಮ ಚೌಡಮ್ಮನಿಗೆ ನೀವು ಹೇಳಿ. ನಾನು ಹೇಳೋ ಹಾಗಿಲ್ಲ' ಅಂದ್ರು."

ನಾನು ಚೀಲದಿಂದ ಕಾಯಿ ಹೊರತೆಗೆದೆ.

"ಹೇಳ್ತಾನೇ ಇದೀನಿ. ದಿನಾ ದೀಪ ಹಚ್ಚುವಾಗ. ಹೆಸರು ಗೊತ್ತಿಲ್ವಲ್ಲ, ಸುರಗಿ ಮುರಿದ ಮಗು ಅಂತ್ಲೇ ಹೇಳೋದು." ಅವರು ತಲೆಯೆತ್ತಿ ನನ್ನನ್ನೇ ನೋಡಿದರು. "ಆ ಮಗು ಚೆನ್ನಾಗಿದಾಳೇನವ್ವ? ನಿಂಗೇನಾದ್ರೂ ಗೊತ್ತಾ?"

ಕಲ್ಲಿನ ಮುಂದೆ ಹೋಗಿ ನಿಂತೆ. ನನ್ನ ಹೆಸರು ಹೇಳಿದೆ, ಅಪ್ಪನ ಹೆಸರು ಹೇಳಿದೆ. ಮುರಿದದ್ದು ನಾನು ಎಂದೆ. ದನಿ ಸಣ್ಣದಾಯಿತೆಂದು ಇನ್ನೊಂದು ಸಲ ಹೇಳಿದೆ. ಅಜ್ಜಿ ಪೊರಕೆ ಒರಗಿಸಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ನನ್ನ ಕೈಯ ಕಾಯಿಯನ್ನು ತೆಗೆದುಕೊಂಡರು. ಇನ್ನು ಮೇಲೆ ಹೆಸರು ಹಿಡಿದೇ ಹೇಳುತ್ತೇನೆ ಎಂದರು.

ಸಂಜೆಯ ರೈಲಿನಲ್ಲಿ ಜನ ಇರಲಿಲ್ಲ. ಸೀಟುಗಳೆಲ್ಲ ಖಾಲಿ. ನಾನು ಬಾಗಿಲ ಹತ್ತಿರ ನಿಂತೇ ಬಂದೆ. ದೂರದಲ್ಲಿ ಕಾರ್ಖಾನೆಯ ಚಿಮಣಿ ಕಾಣಿಸಿಕೊಂಡಾಗ, ಸ್ಟೇಷನ್ನಿನಲ್ಲಿ ಇಳಿದು ಮೊದಲು ಯಾರಿಗೆ ಹೇಳಲಿ ಎಂದು ನನಗೇ ಗೊತ್ತಿಲ್ಲದೆ ಯೋಚಿಸುತ್ತಿದ್ದೆ. ಪ್ಲಾಟ್‌ಫಾರಂ ಮುಗಿಯುವ ತನಕ ನಿಧಾನವಾಗಿ ನಡೆದೆ. ಹುಬ್ಬೆತ್ತಿ ಕೇಳುವವರು ಯಾರೂ ಎದುರಾಗಲಿಲ್ಲ.